ಇದು ಯಾರ ಮೊಣಕೈ?

ಮೇಜಿನ ಮೇಲಿನ ಗಂಟೆ ಬಾರಿಸಬೇಕು. ಕೈಯಲ್ಲಿ ಬಾರಿಸಿದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಅದರ ಬದಲು ಗೋಲಿ ಉರುಳಿ, ನಿಲ್ಲಿಸಿಟ್ಟ ಡಾಮಿನೊ ಬಿಲ್ಲೆಗಳ ಸಾಲು ಬಿದ್ದು, ಆಟದ ಕಾರು ಓಡಿ, ದಾರ ಎಳೆದು ಬಾರಿಸಿದರೆ ಅದು ಸರಣಿ ಯಂತ್ರ. ಕೊಂಕಣ ಸುತ್ತಿ ಮೈಲಾರಕ್ಕೆ ಬರುವ ಈ ವಿದ್ಯೆಗೆ ಹೆಸರಾದವನು ಅಮೆರಿಕದ ವ್ಯಂಗ್ಯಚಿತ್ರಕಾರ ರೂಬ್ ಗೋಲ್ಡ್‌ಬರ್ಗ್. ಓದಿದ್ದು ಎಂಜಿನಿಯರಿಂಗ್. ಆದರೂ ಆಸಾಮಿ ಜಾಣ. ಯಂತ್ರಗಳನ್ನು ಕಾಗದದ ಮೇಲೆ ಬರೆದು ಸುಮ್ಮನಾದ, ಒಂದನೇ ಕ್ಲಾಸಿನವರ ಕೈಗೆ ಕೊಡಲಿಲ್ಲ.

1931ರ ಅವನ ಒಂದು ಚಿತ್ರದಲ್ಲಿ ಊಟಕ್ಕೆ ಕೂತವನು ಚಮಚ ಎತ್ತಿದರೆ ಸಾಕು, ಗಿಳಿ ಹಾರಿ, ರಾಕೆಟ್ ಸಿಡಿದು, ಕೊನೆಗೆ ಕರವಸ್ತ್ರ ತಾನೇ ಬಂದು ಬಾಯಿ ಒರೆಸುತ್ತದೆ. ಇಂಥದ್ದೇ ಯಂತ್ರ ಕಟ್ಟಲು ಹೊರಟ ನನ್ನ ಒಂದನೇ ಕ್ಲಾಸಿನಲ್ಲಿ ಇದನ್ನು ಹೇಳಿದೆ. ಆಮೇಲೆ ಗೋಲಿ, ರಟ್ಟು ಯಾರಿಗೂ ಬೇಡ. "ಮಿಸ್, ಗಿಳಿ ಎಲ್ಲಿ?"

ಯಂತ್ರವನ್ನು ಕೊನೆಯಿಂದ ಹಿಂದಕ್ಕೆ ಕಟ್ಟುತ್ತಾ ಬರಬೇಕು. ಮೊದಲು ಗಂಟೆ, ಆಮೇಲೆ ಅದನ್ನು ಬಾರಿಸುವ ದಾರ, ಹೀಗೆ. ಮಕ್ಕಳಿಗೆ ಗೋಲಿ ಬಿಡುವುದೊಂದೇ ಮುಖ್ಯ. ಗೋಲಿ ಎಲ್ಲಿಗೆ ಹೋಗುತ್ತದೆ ಅನ್ನುವುದು ಗೋಲಿಯ ತಲೆನೋವು.

ಡಾಮಿನೊ ನಿಲ್ಲಿಸುವಾಗ ಅಲ್ಲಲ್ಲಿ ಡಾಮಿನೊದ ಎತ್ತರಕ್ಕಿಂತ ಜಾಸ್ತಿ ಜಾಗ ಖಾಲಿ ಬಿಡುತ್ತೇವೆ. ಅಕಸ್ಮಾತ್ ಒಂದು ಬಿದ್ದರೂ ಪೂರ್ತಿ ಸಾಲು ಬೀಳದಿರಲಿ ಅಂತ. ಕೊನೇ ಗಳಿಗೆಯಲ್ಲಿ ಆ ಜಾಗ ತುಂಬಿದರಾಯಿತು. ನಮ್ಮಲ್ಲೊಬ್ಬಳು ಅಚ್ಚುಕಟ್ಟಿನ ಹುಡುಗಿ ಇದ್ದಾಳೆ. ಖಾಲಿ ಜಾಗ ಅವಳಿಗೆ ಸಹಿಸದು. ಉಸಿರು ಬಿಗಿಹಿಡಿದು, ನಾಲಿಗೆ ತುದಿ ಹೊರಗೆ ಹಾಕಿ, ಒಂದೊಂದನ್ನೂ ತುಂಬಿದಳು. ಎಲ್ಲ ಮುಗಿದ ಮೇಲೆ ಹಿಡಿದಿದ್ದ ಉಸಿರನ್ನು ನೆಮ್ಮದಿಯಿಂದ ಬಿಟ್ಟಳು.

ಟಕಟಕಟಕ.

ಯಾರೂ ಅಳಲಿಲ್ಲ. ಚಪ್ಪಾಳೆ ಬಿತ್ತು! ಬೀಳುವುದಕ್ಕೇ ಅಲ್ವಾ ನಿಲ್ಲಿಸಿದ್ದು? ವಾದದಲ್ಲಿ ತಪ್ಪಿಲ್ಲ. ನಿಂತ ಡಾಮಿನೊ ಒಳಗೆ ಬೀಳುವ ಶಕ್ತಿ ಆಗಲೇ ಕೂತಿರುತ್ತದೆ, ಒಂದು ನೆಪ ಸಿಕ್ಕರೆ ಸಾಕು. ಒಂದನೇ ಕ್ಲಾಸಿನವರೂ ಅದೇ ಜಾತಿ.

ಕಡೆಗೂ ಪ್ರದರ್ಶನದ ದಿನ ಬಂತು. ಗೋಲಿ ಬಿಟ್ಟರು. ಇಳಿಜಾರಿನ ಅರ್ಧದಲ್ಲಿ ಸೆಲ್ಲೋಟೇಪಿನ ಅಂಚಿಗೆ ಸಿಕ್ಕಿ ಗೋಲಿ ನಿಂತಿತು. ಏನಾಯ್ತು ಅಂತ ನೋಡಲು ಇಡೀ ಕ್ಲಾಸು ಮೇಜಿನ ಮೇಲೆ ಬಾಗಿತು. ಮೇಜು ಅಲುಗಿತು. ಡಾಮಿನೊ ಬಿತ್ತು, ಕಾರು ಓಡಿತು, ಗಂಟೆ ಟಿಣ್ ಅಂತು. ಗೋಲಿ ಮಾತ್ರ ಇದ್ದಲ್ಲೇ ಇತ್ತು.

ಇದು ಲೆಕ್ಕಕ್ಕೆ ಬರುವುದಿಲ್ಲ ಅಂದೆ. ಅವರು ನಕ್ಷೆ ತೆಗೆದು, ಗೋಲಿಗೂ ಡಾಮಿನೊಗೂ ನಡುವೆ ಒಂದು ಮೊಣಕೈ ಬರೆದು, ಬಾಣದ ಗುರುತು ಹಾಕಿಬಿಟ್ಟರು. ಅದು ಯಾರ ಮೊಣಕೈ ಅನ್ನುವ ಜಗಳ ಮಾತ್ರ ಮನೆಗೆ ಹೋಗುವ ಬೆಲ್ ಹೊಡೆದರೂ ಮುಗಿಯಲಿಲ್ಲ.