ಗಾಳಿ ತೆಗೆದವನ ಪಾಡು

ಹಳೇ ಫೋರ್ ಬೈ ಫೋರ್ ಜೀಪೊಂದನ್ನು ಕೊಂಡು ಮೂರು ತಿಂಗಳಾಗಿತ್ತು. ಅಲ್ಲಿಯವರೆಗೆ ಅದು ಹತ್ತಿದ ಅತಿ ಎತ್ತರದ ಗುಡ್ಡ ಅಂದರೆ ಹಾಸನದ ನಮ್ಮ ಬೀದಿಯ ಹಂಪು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡುವ, ಗೇರಿನ ಪಕ್ಕದ ಎರಡನೇ ಲಿವರ್‌ಗೆ ನನ್ನ ಹೆಂಡತಿ ತರಕಾರಿ ಚೀಲ ನೇತುಹಾಕುತ್ತಿದ್ದಳು.

ಇದನ್ನು ನೋಡಲಾರದೆ ಸಕಲೇಶಪುರದ ಭಾಮೈದ ಸೆಪ್ಟೆಂಬರಿನ ಒಂದು ಭಾನುವಾರ ಕರೆದ. "ಭಾವ, ಹಾನುಬಾಳು ಕಡೆ ದೊಡ್ಡಪ್ಪನ ತೋಟದಲ್ಲಿ ಒಂದು ದಾರಿ ಇದೆ. ಆಫ್‌ರೋಡಿಂಗ್, ಅಂದ್ರೆ ರೋಡಿಲ್ಲದ ಕಡೆ ಗಾಡಿ ಓಡಿಸೋದು, ಕಲಿಯೋರಿಗೆ ಹೇಳಿ ಮಾಡಿಸಿದ್ದು. ಸ್ವಲ್ಪ ಕೆಸರು, ಅಷ್ಟೇ."

ಮಲೆನಾಡಿನವರ ‘ಸ್ವಲ್ಪ’ ನಂಬಿ ಕೆಟ್ಟವರು ಬಹಳ ಜನ. ಅವರ ‘ಇಲ್ಲೇ ಸ್ವಲ್ಪ ದೂರ’ ನಾಲ್ಕು ಕಿಲೋಮೀಟರ್. ಆ ಲೆಕ್ಕದಲ್ಲಿ ‘ಸ್ವಲ್ಪ ಕೆಸರು’ ಮೊಣಕಾಲಿನವರೆಗೆ ಅಂತ ನನಗೆ ಹೊಳೆಯಬೇಕಿತ್ತು.

ನಾನೂ ಸುಮ್ನೆ ಹೋಗಲಿಲ್ಲ. ವಾರವಿಡೀ ವಿಡಿಯೋ ನೋಡಿ ಹಗ್ಗ, ಕೊಕ್ಕೆ, ಗುದ್ದಲಿ, ಗೋಣಿಚೀಲ, ಟಾರ್ಚು ಎಲ್ಲ ತುಂಬಿದೆ. ಹೆಂಡತಿ ಚಿತ್ರಾನ್ನದ ಚೀಲವನ್ನು ಯಥಾಪ್ರಕಾರ ಲಿವರ್‌ಗೆ ಸಿಕ್ಕಿಸಿದಳು.

ತೋಟದ ಗೇಟಿನಲ್ಲಿ ಮೊದಲ ಪಾಠ. ಟೈರಿನ ಗಾಳಿ ಇಳಿಸುವುದು. ಒತ್ತಡ 32 ಪಿಎಸ್‌ಐ ಇದ್ದದ್ದನ್ನು 20ಕ್ಕೆ ತಂದೆ. ಗಾಳಿ ಕಡಿಮೆಯಾದರೆ ಟೈರು ಚಪ್ಪಟೆಯಾಗಿ ಜಾಸ್ತಿ ನೆಲ ಹಿಡಿಯುತ್ತದೆ, ಕೆಸರಲ್ಲಿ ಹೂತುಕೊಳ್ಳುವುದು ಕಮ್ಮಿ. ನಾಲ್ಕೂ ಟೈರು ಬುಸ್ ಅಂದಾಗ ನನಗೆ ಏನೋ ಸಾಧಿಸಿದ ಹೆಮ್ಮೆ.

ಚಿತ್ರಾನ್ನ ತೆಗೆದು ಲಿವರ್ ಎಳೆದೆ. ಸಿಲ್ವರ್ ಮರಗಳ ನಡುವೆ ಕಡಿದಾದ ಇಳಿಜಾರು. "ಲೋ ರೇಂಜು, ಅಂದ್ರೆ ನಿಧಾನಕ್ಕೆ ಜೋರಾಗಿ ಎಳೆಯೋದು. ಒಂದನೇ ಗೇರು. ಕ್ಲಚ್ಚೂ ಬೇಡ, ಬ್ರೇಕೂ ಬೇಡ. ಎಂಜಿನ್ನೇ ಹಿಡ್ಕೊಳ್ಳುತ್ತೆ" ಅಂದ ಭಾಮೈದ. ನಿಜ ಹೇಳಬೇಕೆಂದರೆ ಜೀಪು ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ತನ್ನ ಪಾಡಿಗೆ ತಾನು ಇಳಿಯುತ್ತಿತ್ತು. ನನ್ನ ಬಲಗಾಲಿಗೆ ಮಾತ್ರ ನಂಬಿಕೆ ಬರಲಿಲ್ಲ. ಬ್ರೇಕು ಒತ್ತಿಬಿಟ್ಟೆ. ಚಕ್ರ ನಿಂತವು, ಜೀಪು ನಿಲ್ಲಲಿಲ್ಲ. ಜಾರಿ ಹೋಗಿ ಒಂದು ಕಾಫಿ ಗಿಡವನ್ನು ಒರಗಿಕೊಂಡೆವು. ದೊಡ್ಡಪ್ಪ "ಒಂದು ಗಿಡ ತಾನೇ, ಬಿಡಿ" ಅಂದರು. ಅದಾದ ಮೇಲೆ ಎರಡು ಮದುವೆಗಳಲ್ಲಿ ಸಿಕ್ಕಿದ್ದಾರೆ. ಎರಡೂ ಕಡೆ "ಆ ಗಿಡ ಚಿಗುರಲಿಲ್ಲ" ಅಂದಿದ್ದಾರೆ.

ಹಳ್ಳ ಬಂದರೆ ಮೊದಲು ಇಳಿದು, ನಡೆದು ನೋಡಿ, ಆಮೇಲೆ ಗಾಡಿ ಇಳಿಸಬೇಕು ಅನ್ನುವುದು ನಿಯಮ. ಈ ನಿಯಮ ಇಂಬಳಗಳಿಗೂ ಗೊತ್ತಿದೆ. ನಡೆದು ನೋಡಿ ಬರುವಷ್ಟರಲ್ಲಿ ಕಾಲಿಗೆ ನಾಲ್ಕು ಹತ್ತಿದ್ದವು. ಹಳ್ಳ ಮಾತ್ರ ಎರಡೇ ನಿಮಿಷದಲ್ಲಿ ದಾಟಿದೆವು.

ಟಾರು ರೋಡಿಗೆ ಬಂದು ಮೀಸೆ ತಿರುವಿದೆ. ಇನ್ನು ಗಾಳಿ ತುಂಬಿಸಿಕೊಂಡು ಹೊರಡುವುದು. ಹಿಂದಿನ ಬಾಗಿಲು ತೆಗೆದೆ. ಹಗ್ಗ ಇತ್ತು, ಕೊಕ್ಕೆ ಇತ್ತು, ಗುದ್ದಲಿ ಇತ್ತು. ಪಂಪು ಹಾಸನದಲ್ಲಿತ್ತು.

ಗಾಳಿ ಕಮ್ಮಿ ಇರುವ ಟೈರನ್ನು ಟಾರಿನ ಮೇಲೆ ಜೋರಾಗಿ ಓಡಿಸಿದರೆ ಬಿಸಿಯಾಗಿ ಹಾಳಾಗುತ್ತದೆ. ಹಾಗಾಗಿ ಸಕಲೇಶಪುರದವರೆಗೂ ಗಂಟೆಗೆ 20 ಕಿಲೋಮೀಟರ್. ಬೈಕಿನವನೊಬ್ಬ "ಸಾರ್, ಗಾಳಿ ಕಮ್ಮಿ ಇದೆ" ಅಂದ. ಧನ್ಯವಾದ ಹೇಳಿದೆ. ಬಸ್ಸಿನ ಕಂಡಕ್ಟರ್ ಕೂಗಿದ. ಆಫ್‌ರೋಡಿಂಗ್ ಬಗ್ಗೆ ವಿವರಿಸಲು ಹೊರಟೆ, ಬಸ್ಸು ಹೋಗಿಬಿಟ್ಟಿತು. ಹುಲ್ಲಿನ ಹೊರೆ ಹೊತ್ತ ಅಜ್ಜಿಯೂ ಹೇಳಿದಾಗ ಗಾಡಿ ನಿಲ್ಲಿಸಿ, ಇಳಿದು, ಟೈರು ನೋಡಿ "ಅಯ್ಯೋ, ಹೌದಲ್ಲ ಅಜ್ಜಿ!" ಅಂದೆ. ಅದೇ ಸುಲಭ ಅನ್ನಿಸಿತು.

ಈ ನಡುವೆ ತಿರುವಿನಲ್ಲೆಲ್ಲ ಜೀಪು ಮುಲುಗುತ್ತಿತ್ತು. ಭಾಮೈದ ಒಂದು ಕೈಯಲ್ಲಿ ಚಿತ್ರಾನ್ನದ ಚೀಲ ಎತ್ತಿ ಹಿಡಿದು "ಭಾವ, ಲಿವರ್ರು!" ಅಂದ. ಇನ್ನೂ ಫೋರ್ ವೀಲಿನಲ್ಲೇ ಇದ್ದೆವು, ಅಂದರೆ ಮುಂದಿನ ಹಿಂದಿನ ಚಕ್ರಗಳು ಒಂದೇ ವೇಗದಲ್ಲಿ ತಿರುಗುವಂತೆ ಕಟ್ಟಿಹಾಕಿದ ಹಾಗೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು. ಕೆಸರಲ್ಲಾದರೆ ಜಾರಿಕೊಂಡು ಹೇಗೋ ಹೊಂದಿಕೊಳ್ಳುತ್ತವೆ. ಟಾರಿನಲ್ಲಿ ಒಂದನ್ನೊಂದು ಎಳೆದಾಡುತ್ತವೆ. ಊಟದ ಚೀಲ ಆ ಲಿವರನ್ನು ಮತ್ತೆ ಮುಚ್ಚಿಬಿಟ್ಟಿತ್ತು.

ಕೊನೆಗೂ ಪಂಚರ್ ಅಂಗಡಿ ಸಿಕ್ಕಿತು. ಹುಡುಗ ನಾಲ್ಕೂ ಚಕ್ರಕ್ಕೆ ಒಂದು ಪ್ರದಕ್ಷಿಣೆ ಹಾಕಿದ. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ, "ಯಾರ ಹತ್ರ ಸಾರ್ ಜಗಳ?"

"ಜಗಳ ಏನಿಲ್ಲಪ್ಪ, ನಾನೇ ಬಿಟ್ಟಿದ್ದು."

ಅವನು ನನ್ನ ಕೆಸರು ಪ್ಯಾಂಟು ನೋಡಿದ. ಇಂಬಳ ಕಚ್ಚಿ ರಕ್ತ ಸೋರುತ್ತಿದ್ದ ಕಾಲು ನೋಡಿದ. ಏನೂ ಮಾತಾಡದೆ ಗಾಳಿ ತುಂಬಿಸಿದ. ದುಡ್ಡು ಕೊಟ್ಟು ಹೊರಡುವಾಗ ಭಾಮೈದನ ಕಡೆ ತಿರುಗಿ, "ಅಣ್ಣ, ಇನ್ನು ಮೇಲೆ ನೀವೇ ಓಡಿಸ್ಕೊಂಡು ಹೋಗಿ" ಅಂದ.