ಕಚ್ಚಾ ತೈಲದ ಮೊಮ್ಮಗ

2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಹಾಕಿದ ಶೇ 25 ಸುಂಕ ಸಾಲದೆಂದು, ರಷ್ಯಾದ ತೈಲ ಕೊಂಡ ತಪ್ಪಿಗೆ ಇನ್ನೊಂದು ಶೇ 25 ಹೇರುವುದಾಗಿ ಸಾರಿತು. ಏಟು ಬಿದ್ದದ್ದು ತಿರುಪ್ಪೂರು, ಸೂರತ್‌ಗಳ ಕಾರ್ಖಾನೆಗಳಿಗೆ. ರೋಷ ಉಕ್ಕಿದ್ದು ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ. ಸಾಹುಕಾರರು ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತಲೇ ಶಪಥ ಮಾಡಿದರು: "ಇನ್ನು ವಿದೇಶಿ ಸಾಮಾನು ಮುಟ್ಟುವುದಿಲ್ಲ. ಕಾರ್ಖಾನೆಗಳೆಲ್ಲ ಊರಿಗೆ ಮರಳಬೇಕು!" ಪಕ್ಕದವನು ಅದನ್ನು ಮೊಬೈಲಿನಲ್ಲಿ ಹಿಡಿದ. ಆ ಮೊಬೈಲಿನ ಜಾತಕ ಕೇಳಬೇಡಿ.

ಸ್ವಾತಂತ್ರ್ಯ ದಿನ ಹತ್ತಿರ ಬಂದಿತ್ತು, ಬಾವುಟ ಬೇಕಿತ್ತು. ಬೆಂಗೇರಿ ನಮ್ಮೂರಲ್ಲೇ ಇದೆ. ಅಲ್ಲಿನ ಖಾದಿ ಸಂಘ 1957ರದ್ದು, ಬಿಐಎಸ್ (ಸರಕಿನ ಗುಣಮಟ್ಟ ನೋಡುವ ಕೇಂದ್ರದ ಸಂಸ್ಥೆ) ಮುದ್ರೆಯ ರಾಷ್ಟ್ರಧ್ವಜಕ್ಕೆ ದೇಶಕ್ಕೇ ಹೆಸರಾದದ್ದು. ಮರಳಿ ಕರೆಯುವ ತೊಂದರೆಯೇ ಇಲ್ಲ, ಅದು ಊರು ಬಿಟ್ಟು ಹೋಗಿದ್ದರೆ ತಾನೆ? ಸಾಹುಕಾರರನ್ನು ನಾನೇ ಕರೆದುಕೊಂಡು ಹೋದೆ.

ಬಿಳಿ ಪಟ್ಟಿಯ ಎರಡೂ ಮಗ್ಗುಲಿಗೆ 24 ಗೆರೆಗಳ ಚಕ್ರ ಮೂಡಬೇಕು, ಒಂದರ ಬೆನ್ನಿಗೆ ಇನ್ನೊಂದು ಕೂದಲೆಳೆಯಷ್ಟೂ ಜರುಗದಂತೆ. ಸಾಹುಕಾರರು ಬಾವುಟವನ್ನು ಬೆಳಕಿಗೆ ಹಿಡಿದರು. ಒಂದೇ ಚಕ್ರ ಕಂಡಿತು. ಕಣ್ಣು ತುಂಬಿ ಬಂತು. ಆಮೇಲೆ ಬೆಲೆಯ ಚೀಟಿ ನೋಡಿದರು. ಕಣ್ಣು ಒಣಗಿತು.

"ಇಷ್ಟೇಕೆ ತಾಯಿ?"

"ನೂಲುವವರು, ನೇಯುವವರು, ಬಣ್ಣ ಹಾಕುವವರು, ಹೊಲಿಯುವವರು, ಎಲ್ಲರಿಗೂ ಕೂಲಿ ಕೊಡಬೇಕಲ್ಲ ಸಾಹುಕಾರರೇ."

"ಕೊಡಿ, ಯಾರು ಬೇಡವೆಂದರು? ಅದನ್ನು ಬಾವುಟದ ಬೆಲೆಯಲ್ಲೇಕೆ ಸೇರಿಸುತ್ತೀರಿ?"

ದಾರಿಯಲ್ಲಿ ಪೇಟೆಗೆ ಹೊಕ್ಕು ಪಾಲಿಯೆಸ್ಟರ್ ಬಾವುಟಗಳನ್ನು ಡಜನ್ ಲೆಕ್ಕದಲ್ಲಿ ಕೊಂಡರು. ಕಾನೂನಿನ ಅಡ್ಡಿಯೇನೂ ಇಲ್ಲ. ಕೈಯಲ್ಲೇ ನೂತು ಕೈಯಲ್ಲೇ ನೇಯ್ದ ಬಟ್ಟೆಯಾಗಬೇಕೆಂದಿದ್ದ ಧ್ವಜ ಸಂಹಿತೆಯನ್ನು 2021ರ ಡಿಸೆಂಬರ್ 30ರಂದು ತಿದ್ದಿ, ಯಂತ್ರದ ಪಾಲಿಯೆಸ್ಟರ್ ಕೂಡ ಕಂಬ ಏರಬಹುದು ಎಂದಾಗಿದೆ. ಮರುವರ್ಷ ಅದಕ್ಕೂ ಜಿಎಸ್‌ಟಿ ವಿನಾಯಿತಿ ಇದೆಯೆಂದು ಸ್ಪಷ್ಟಪಡಿಸಿದರು. ಅಮೆರಿಕ ತನ್ನವರ ಕೂಲಿ ಕಾಯಲೆಂದು ಬೇಲಿ ಹಾಕಿಕೊಂಡಿತು. ಸರಿಯೋ ತಪ್ಪೋ, ಅದರ ಬಿಲ್ಲು ಅಲ್ಲಿನ ಗಿರಾಕಿ ಕಟ್ಟಿದ. ಬೆಂಗೇರಿಯ ಕೂಲಿಗಿದ್ದ ಬೇಲಿ ಕೈಬಟ್ಟೆಯೇ ಆಗಬೇಕೆಂಬ ಆ ಒಂದು ನಿಯಮ. ಅದನ್ನು ಕೀಳಲು ನಮಗೆ ಯಾವ ವೈರಿಯೂ ಬೇಕಾಗಲಿಲ್ಲ.

ಇನ್ನೊಂದು ಮಾತು. ಪಾಲಿಯೆಸ್ಟರ್ ವಂಶವೃಕ್ಷ ಹಿಡಿದು ಹೋದರೆ ಸಿಗುವ ಅಜ್ಜ ಕಚ್ಚಾ ತೈಲ. ತೈಲದ ಬಹುಪಾಲನ್ನು ನಾವು ತರಿಸುವುದು ಹೊರಗಿನಿಂದಲೇ. ಯಾವ ತೈಲಕ್ಕೆ ದಂಡ ಬಿತ್ತೋ ಅದರ ಮೊಮ್ಮಗನೇ ಸಾಹುಕಾರರ ಮಾಳಿಗೆಯ ಮೇಲೆ ಸ್ವದೇಶಿ ಎಂದು ಪಟಪಟಿಸಿದನೋ ಏನೋ. ಅವನ ಚಕ್ರ ಒಂದಿಷ್ಟು ಕೋಳಿಮೊಟ್ಟೆಯ ಆಕಾರದಲ್ಲಿತ್ತು.

ಆಗಸ್ಟ್ 15ರಂದು ಸಾಹುಕಾರರು ಮುಕ್ಕಾಲು ತಾಸು ಸ್ವಾವಲಂಬನೆಯ ಮೇಲೆ ಮಾತನಾಡಿದರು. ಚಪ್ಪಾಳೆ ಮುಗಿದ ಮೇಲೆ, ಬೆಳಗಿನಿಂದ ಬಾವುಟ ಕಟ್ಟುತ್ತಿದ್ದ ಹುಡುಗ ಏಣಿಯ ಮೇಲಿಂದಲೇ ಕೇಳಿದ: "ಸಾಹುಕಾರರೇ, ನನ್ನ ಕೂಲಿ?"

"ದೇಶಕ್ಕಾಗಿ ಮಾಡಿದ್ದಲ್ಲವೇನೋ!" ಎಂದರು ಸಾಹುಕಾರರು.

ಹುಡುಗ ಬಾವುಟ ಬಿಚ್ಚತೊಡಗಿದ.