ಸತ್ಯಾಂಶ: ಭಾರತೀಯರು ‘ವಿಜ್ಞಾನದ ಪ್ರಕಾರ ಬಿಳಿಯರು’ ಎನ್ನುವ ಮೆಸೇಜ್ ನಿಜವೇ?

‘ನಾವು ಕಕೇಶಿಯನ್ನರು, ಅಂದರೆ ವಿಜ್ಞಾನದ ಪ್ರಕಾರ ಬಿಳಿಯರೇ’ ಎನ್ನುವ ಮೆಸೇಜ್ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಕಳಿಸುವವರು ನಂಬಿಯೇ ಕಳಿಸುತ್ತಾರೆ. ಹಳೆಯ ಪುಸ್ತಕಗಳಲ್ಲೂ ಹಾಗೇ ಬರೆದಿತ್ತು, ಅಲ್ವಾ? ಆದರೆ ಇದು ಸರಿಯಲ್ಲ. ಕಕೇಶಿಯನ್ ಅನ್ನುವುದು 18ನೇ ಶತಮಾನದಲ್ಲಿ ತಲೆಬುರುಡೆಗಳನ್ನು ನೋಡಿ ಮನುಷ್ಯರ ಒಂದು ಗುಂಪಿಗೆ ಕೊಟ್ಟ ಹೆಸರು. ಬಿಳಿಯರು ಯಾರು ಅಂತ ತೀರ್ಮಾನಿಸಿದ್ದು ರಕ್ತವಲ್ಲ, ಕಾನೂನು.

ಅಮೆರಿಕವನ್ನೇ ನೋಡಿ. ವಲಸೆ ಬಂದವರಲ್ಲಿ ಬಿಳಿಯರಿಗೆ ಮಾತ್ರ ಪೌರತ್ವ ಎಂದು 1790ರಲ್ಲೇ ಕಾನೂನು ಮಾಡಿದ್ದರು. 1922ರಲ್ಲಿ ಜಪಾನಿನಿಂದ ಬಂದವರೊಬ್ಬರಿಗೆ ಕೋರ್ಟು, ‘ಚರ್ಮ ಬೆಳ್ಳಗಿದ್ದರೆ ಸಾಲದು, ಕಕೇಶಿಯನ್ ಆಗಿರಬೇಕು’ ಎಂದಿತು. ಮೂರೇ ತಿಂಗಳಿಗೆ, 1923ರಲ್ಲಿ, ಪಂಜಾಬಿನ ಸಿಖ್ಖರೊಬ್ಬರ ಕೇಸು ಬಂತು. ಆಗ ಅದೇ ಕೋರ್ಟು ಮಾತು ಬದಲಿಸಿತು: ಕಕೇಶಿಯನ್ ಆದರೂ ಜನಸಾಮಾನ್ಯರ ಕಣ್ಣಿಗೆ ಇವರು ಬಿಳಿಯರಲ್ಲ! ಆಮೇಲೆ ಎಷ್ಟೋ ಭಾರತೀಯರು ಕೈಗೆ ಬಂದಿದ್ದ ಪೌರತ್ವವನ್ನೇ ಕಳೆದುಕೊಂಡರು. ಓದಿದಾಗಲೆಲ್ಲ ಸಂಕಟವಾಗುತ್ತದೆ.

ಇಂಥ ಮೆಸೇಜ್ ಬಂದರೆ ಯಾವ ದೇಶ, ಯಾವ ವರ್ಷ, ಯಾರ ಲೆಕ್ಕ ಅಂತ ಮೊದಲು ಕೇಳಿ. ಅಮೆರಿಕದ ಹಳೆಯ ಜನಗಣತಿಯ ಪ್ರಶ್ನೆಪಟ್ಟಿಗಳು ಆನ್‌ಲೈನಿನಲ್ಲೇ ಇವೆ. ಒಂದೊಂದಾಗಿ ತೆಗೆದು ನೋಡಿ. ಭಾರತೀಯರನ್ನು 1930ರಲ್ಲಿ ‘ಹಿಂದೂ’ ಅಂತ ಬರೆದುಕೊಂಡರು. 1970ರಲ್ಲಿ ಬಿಳಿಯರ ಲೆಕ್ಕಕ್ಕೆ ಸೇರಿಸಿದರು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಬೇರೆ ಖಾನೆ ಬಂತು.